ಅಕ್ಕನಿಂದ ಕಲಿತು ತಮ್ಮನಿಗೆ ಹೇಳಿಕೊಡುವ ತರಗತಿ

ಎರಡನೇ ತರಗತಿಯ ಮಗುವಿಗೆ ‘ಹೊಸಪೇಟೆ’ ಎಂದು ಬರೆಯುವುದು ಕಷ್ಟವೇನಲ್ಲ. ಕಾಗುಣಿತ ಕೈಗೆ ಬಂದಿದ್ದರೆ ಸಾಕು. ‘ಹಂಪಿ’, ‘ಸಂಡೂರು’ ಬರೆಯಲು ಅನುಸ್ವಾರದ ಸೊನ್ನೆಯೂ ಬೇಕು. ‘ಕಂಪ್ಲಿ’ಗೆ ಬಂದಾಗ ಪೆನ್ಸಿಲ್ ತಡವರಿಸುತ್ತದೆ. ಸೊನ್ನೆ ಇಡಬೇಕು, ಪಕಾರಕ್ಕೆ ಗುಡಿಸು ಕೊಡಬೇಕು, ಅದರಡಿಗೆ ಲಕಾರದ ಒತ್ತು ಬರೆಯಬೇಕು. ಕಂಪ್ಲಿಯ ಮಗು ತನ್ನ ಊರಿನ ಹೆಸರನ್ನು ತಪ್ಪಿಲ್ಲದೆ ಬರೆಯುವ ಹೊತ್ತಿಗೆ ಕನ್ನಡ ಬರವಣಿಗೆಯ ಮುಖ್ಯ ಕಟ್ಟುಗಳೆಲ್ಲ ಅದಕ್ಕೆ ಒಲಿದಿರುತ್ತವೆ. ಒತ್ತಕ್ಷರದ ಈ ಹೊಳೆಯನ್ನು ದಾಟಬೇಕಾದ ವರ್ಷವೇ ಎರಡನೇ ತರಗತಿ.

ಈ ನಾಲ್ಕು ಊರುಗಳೂ ಮೊದಲು ಬಳ್ಳಾರಿ ಜಿಲ್ಲೆಯವು. 2021ರ ಅಕ್ಟೋಬರ್ 2ರಂದು ವಿಜಯನಗರ ಜಿಲ್ಲೆ ಉದ್ಘಾಟನೆಯಾದಾಗ ಹೊಸಪೇಟೆ ಅದರ ಕೇಂದ್ರವಾಯಿತು, ಹಂಪಿ ಅದರ ಪಾಲಿಗೆ ಬಂತು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಜಿಲ್ಲೆ ಎರಡಾದರೂ ಇಲ್ಲಿನ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಚಿಕ್ಕ ಮಕ್ಕಳು ಕಲಿಯುವ ಪದ್ಧತಿ ಒಂದೇ, ‘ನಲಿ-ಕಲಿ’.

ನಲಿ-ಕಲಿ ಕೊಠಡಿಯ ಬಾಗಿಲಲ್ಲಿ ನಿಂತವರಿಗೆ ಮೊದಲು ಕಾಣುವುದು ತಲೆಯ ಮೇಲಿನ ದಾರಗಳು. ಗೋಡೆಯಿಂದ ಗೋಡೆಗೆ ಕಟ್ಟಿದ ಆ ದಾರಗಳಿಗೆ ಮಕ್ಕಳು ಬಿಡಿಸಿದ ಚಿತ್ರ, ಬರೆದ ಪದಪಟ್ಟಿ, ಕತ್ತರಿಸಿ ಅಂಟಿಸಿದ ಕಾಗದದ ಹೂವುಗಳನ್ನು ತೂಗುಹಾಕಿರುತ್ತಾರೆ. ಇದಕ್ಕೆ ಕಲಿಕಾ ಚಪ್ಪರ ಎಂದು ಹೆಸರು. ಗೋಡೆಯ ಕೆಳಭಾಗಕ್ಕೆ ಕಪ್ಪು ಬಣ್ಣ ಬಳಿದು ಮನೆಗಳನ್ನು ಹಾಕಿರುತ್ತಾರೆ, ಮಗುವಿಗೊಂದು ಮನೆ. ಬೋರ್ಡು ಇಲ್ಲಿ ಟೀಚರೊಬ್ಬರ ಸ್ವತ್ತಲ್ಲ. ಹವಾಮಾನ ನಕ್ಷೆಯ ಮುಂದೆ ದಿನಕ್ಕೊಂದು ಮಗು ನಿಂತು ಇವತ್ತು ಬಿಸಿಲೋ ಮೋಡವೋ ಮಳೆಯೋ ಎಂದು ಗುರುತು ಹಾಕುತ್ತದೆ. ಸಾಲು ಬೆಂಚುಗಳಿಲ್ಲ. ಮಕ್ಕಳು ಗುಂಪುಗುಂಪಾಗಿ, ದುಂಡಗೆ ಕೂತಿರುತ್ತಾರೆ. ಗದ್ದಲ ಇದ್ದೇ ಇರುತ್ತದೆ, ಮೌನವೇ ಶಿಸ್ತು ಎಂದು ನಂಬಿ ಬೆಳೆದ ಹಿರಿಯರಿಗೆ ಇದು ಒಗ್ಗಲು ಸ್ವಲ್ಪ ಹೊತ್ತು ಬೇಕು. ಒಂದು ಗುಂಪಿನ ಪಕ್ಕ ಕೂತು ಕಿವಿಗೊಟ್ಟರೆ ಗದ್ದಲದ ಬಹುಪಾಲು ಪಾಠವೇ ಎಂದು ತಿಳಿಯುತ್ತದೆ.

ಪದ್ಧತಿ ಹುಟ್ಟಿದ್ದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, 1995ರಲ್ಲಿ. ಆ ಕಾಡಂಚಿನ ತಾಲ್ಲೂಕಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ಋಷಿ ವ್ಯಾಲಿಗೆ ಹೋಗಿ, ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಲ್ಲಿ ಕಾರ್ಡುಗಳ ಮೂಲಕ ಕಲಿಸುವುದನ್ನು ಕಂಡು ಬಂದರು. ಯುನಿಸೆಫ್ ನೆರವಿಗೆ ನಿಂತಿತು. ಬೇರೆಯವರ ಕಾರ್ಡುಗಳನ್ನು ಹಾಗೇ ತರದೆ, ತಮ್ಮ ಮಕ್ಕಳಿಗೆ ಒಗ್ಗುವಂತೆ ಕನ್ನಡದಲ್ಲಿ ತಾವೇ ಬರೆದು, ಚಿತ್ರ ಬಿಡಿಸಿದ್ದು ಆ ಶಿಕ್ಷಕರ ದೊಡ್ಡತನ. ಸರ್ಕಾರಿ ಶಾಲೆಯ ಮೇಷ್ಟ್ರುಗಳು ಕಟ್ಟಿದ ಈ ಕೆಲಸವನ್ನು 2009-10ರಲ್ಲಿ ಸರ್ಕಾರ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ ಹರಡಿತು. ಮರುವರ್ಷ ಮೂರನೆಯದೂ ಸೇರಿತು.

ಅಕ್ಷರ ಕಲಿಸುವ ಕ್ರಮ ನೋಡಿದರೆ ಆ ಯೋಚನೆಯ ಸೊಗಸು ತಿಳಿಯುತ್ತದೆ. ಅ ಆ ಇ ಈ ಎಂದು ವರ್ಣಮಾಲೆಯ ಸಾಲು ಹಿಡಿದು ಹೊರಟರೆ ಮಗು ಒಂದು ಪದ ಓದಲು ವಾರಗಟ್ಟಲೆ ಕಾಯಬೇಕು. ನಲಿ-ಕಲಿ ಶುರುವಾಗುವುದು ರ, ಗ, ಸ, ದ, ಅ ಎಂಬ ಐದರಿಂದ. ಈ ಐದು ಬಂದ ಕೂಡಲೇ ಸರ, ರಸ, ಅರಸ, ಗರಗಸ, ದಸರ ಎಲ್ಲ ಓದಲು ಬರುತ್ತವೆ. ಮುಂದಿನ ಗುಂಪು ಜ, ವ, ಮ, ಬ, ನ. ಅಷ್ಟಾದರೆ ಮನೆಯ ಮುಂದಿನ ‘ಮರ’ವೂ ಓದಿನೊಳಗೆ ಬಂತು. ಮೊದಲ ತಿಂಗಳಲ್ಲೇ ‘ನನಗೆ ಓದಲು ಬರುತ್ತದೆ’ ಎಂಬ ಧೈರ್ಯ ಬಂದ ಮಗು ಎರಡನೇ ತರಗತಿಯಲ್ಲಿ ಕಾಗುಣಿತವನ್ನು ಗಟ್ಟಿ ಮಾಡಿಕೊಂಡು ಅಕ್ಕ, ಅಜ್ಜ, ಅಮ್ಮ, ಬಳ್ಳಾರಿ ಎಂಬ ಸಜಾತೀಯ ಒತ್ತುಗಳಿಗೂ ಅಲ್ಲಿಂದ ಚಂದ್ರ, ಸೂರ್ಯ, ತುಂಗಭದ್ರಾ ಎಂಬ ವಿಜಾತೀಯಕ್ಕೂ ಹೋಗುತ್ತದೆ.

ಹೀಗೆ ಹೋಗುವ ದಾರಿಗೆ ಕಲಿಕಾ ಏಣಿ ಎನ್ನುತ್ತಾರೆ. ಏಣಿಯ ಒಂದೊಂದು ಘಟ್ಟ ಒಂದು ಮೈಲಿಗಲ್ಲು, ಮೈಲಿಗಲ್ಲಿನೊಳಗೆ ಚಟುವಟಿಕೆಗಳು, ಚಟುವಟಿಕೆಗೆ ಕಾರ್ಡು ಇಲ್ಲವೇ ಅಭ್ಯಾಸ ಪುಸ್ತಕದ ಪುಟ. ಕಾರ್ಡಿನ ಮೇಲಿನ ಲೋಗೋ, ಅಂದರೆ ಪುಟ್ಟ ಚಿತ್ರವನ್ನು ನೋಡಿ ತನ್ನ ಮುಂದಿನ ಕೆಲಸ ಯಾವುದೆಂದು ಮಗುವೇ ಹುಡುಕಿಕೊಳ್ಳಬೇಕು. ಕೂರುವ ಜಾಗವೂ ಅದರಿಂದಲೇ ಗೊತ್ತಾಗುತ್ತದೆ. ಇದಕ್ಕೆ ಐದು ‘ತಟ್ಟೆ’ಗಳು, ಅಂದರೆ ಗುಂಪುಗಳು. ಮೊದಲನೆಯದರಲ್ಲಿ ಶಿಕ್ಷಕರ ಪೂರ್ತಿ ನೆರವು, ಎರಡನೆಯದರಲ್ಲಿ ಭಾಗಶಃ ನೆರವು. ಮೂರು ಮತ್ತು ನಾಲ್ಕು ಸಹಪಾಠಿಗಳ ನೆರವಿನವು. ಐದನೆಯದರಲ್ಲಿ ಮಗು ತಾನೇ ಮಾಡಬೇಕು.

ಈ ಕೊಠಡಿಯಲ್ಲಿ ಒಂದು, ಎರಡು, ಮೂರನೇ ತರಗತಿಯವರು ಬೆರೆತು ಕೂರುತ್ತಾರೆ. ಎರಡನೇ ತರಗತಿಯವರು ಅದರಲ್ಲಿ ನಡುವಿನವರು. ಒತ್ತಕ್ಷರ ತಪ್ಪಿದಾಗ ಮೂರನೇ ತರಗತಿಯ ಅಕ್ಕನ ಕಡೆ ತಿರುಗುವ ಹುಡುಗನೇ ಸ್ವಲ್ಪ ಹೊತ್ತಿಗೆ ಒಂದನೆಯ ಪುಟ್ಟನ ಬೆರಳು ಹಿಡಿದು ‘ಸ’ ತಿದ್ದಿಸುತ್ತಾನೆ. ಇನ್ನೊಬ್ಬರಿಗೆ ಹೇಳಿಕೊಡುವಾಗ ತನ್ನ ಕಲಿಕೆ ಗಟ್ಟಿಯಾಗುವುದು ಬಲ್ಲವರಿಗೆಲ್ಲ ಗೊತ್ತಿರುವ ಮಾತು. ಏಳು ವರ್ಷದ ಮಗುವಿಗೆ ದಿನವೂ ಆ ಅವಕಾಶ ಕೊಡುವ ಶಾಲಾ ವ್ಯವಸ್ಥೆಗಳು ಹೆಚ್ಚಿಲ್ಲ. ನಲಿ-ಕಲಿಯ ನಿಜವಾದ ಬಲ ಇರುವುದು ಇಲ್ಲಿ. ಚಂದದ ಕಾರ್ಡು, ಬಣ್ಣದ ಗೋಡೆ ಎಲ್ಲ ಇದರ ನಂತರದವು.

ಈ ಸೀಮೆಯಲ್ಲಿ ಸಹಪಾಠಿಯ ತಟ್ಟೆಗೆ ಇನ್ನೊಂದು ಮಹತ್ವವಿದೆ. ಹೊಸಪೇಟೆ, ಕಂಪ್ಲಿಯ ಎಷ್ಟೋ ಮನೆಗಳಲ್ಲಿ ಮಾತು ತೆಲುಗು ಅಥವಾ ಉರ್ದು. ಸಂಡೂರಿನ ತಾಂಡಾಗಳಲ್ಲಿ ಲಂಬಾಣಿ. ಆ ಮಕ್ಕಳಿಗೆ ಕನ್ನಡವು ಶಾಲೆಯಲ್ಲಿ ಸಿಗುವ ಎರಡನೇ ನುಡಿ. ಟೀಚರ್ ಹೇಳಿದ್ದು ತಿಳಿಯದಾಗ ಪಕ್ಕದ ತಾಂಡಾದ ಗೆಳತಿ ಮೆಲ್ಲಗೆ ಲಂಬಾಣಿಯಲ್ಲಿ ಹೇಳಿದರೆ ಮುಗಿಯಿತು. ‘ಮಾತಾಡಬೇಡ’ ಎನ್ನುವ ತರಗತಿಯಲ್ಲಿ ಆ ಬಾಗಿಲು ಮುಚ್ಚಿಹೋಗುತ್ತದೆ. ತಾಂಡಾದ ಮನೆಯ ವಿದ್ಯೆಗೂ ಇಲ್ಲಿ ಜಾಗವಿದೆ. 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಸಂಡೂರು ಲಂಬಾಣಿ ಕಸೂತಿಯಲ್ಲಿ ಕನ್ನಡಿ ಚೂರು, ತ್ರಿಕೋನ, ಚೌಕಗಳು ಒಂದು ಲೆಕ್ಕದಲ್ಲಿ ಮರಳಿ ಮರಳಿ ಬರುತ್ತವೆ. ಗಣಿತದ ‘ವಿನ್ಯಾಸ’ ಎಂಬ ಪಾಠಕ್ಕೆ ಅಜ್ಜಿಯ ಲಂಗದ ಅಂಚಿಗಿಂತ ಒಳ್ಳೆಯ ಉದಾಹರಣೆ ಹೊರಗಿನಿಂದ ತರಬೇಕಿಲ್ಲ.

ಗುಳೆ ಹೋಗುವ ಮನೆಗಳ ಮಕ್ಕಳಿಗೂ ಏಣಿಯೇ ಆಸರೆ. ಅಪ್ಪ ಅಮ್ಮ ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಊರು ಬಿಟ್ಟಾಗ ಮಗುವೂ ಹೋಗುತ್ತದೆ. ಇಡೀ ತರಗತಿ ಒಂದೇ ಪಾಠದ ಜತೆ ಮುಂದೆ ಸಾಗುವ ಕಡೆ ಎರಡು ತಿಂಗಳು ಬಿಟ್ಟು ಬಂದವರು ಹಿಂದೆ ಬಿದ್ದವರೇ. ನಲಿ-ಕಲಿಯಲ್ಲಿ ಮಗು ದಾಟಿದ ಮೈಲಿಗಲ್ಲುಗಳನ್ನು ಗುರುತಿಸಿಡುವ ‘ಪ್ರಗತಿ ನೋಟ’ದ ಹಾಳೆ ತೆರೆದು ಎಲ್ಲಿ ನಿಂತಿತ್ತೋ ಅಲ್ಲಿಂದ ಹತ್ತಿಸಬಹುದು. ಕೊರೊನಾ ಕಾಲದಲ್ಲಿ ಇದರ ಬೆಲೆ ಇನ್ನಷ್ಟು ತಿಳಿಯಿತು. 2020ರ ಮಾರ್ಚಿನಲ್ಲಿ ಮುಚ್ಚಿದ ಕಿರಿಯರ ತರಗತಿಗಳು ರಾಜ್ಯದಲ್ಲಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಒಂದನೇ ತರಗತಿಯ ಕೊಠಡಿಯನ್ನೇ ಕಾಣದೆ ಎರಡನೆಯದಕ್ಕೆ ಬಂದ ಮಕ್ಕಳಿದ್ದರು.

ಲೆಕ್ಕದಲ್ಲಿ ಎರಡನೇ ತರಗತಿಯ ದೊಡ್ಡ ಜಿಗಿತ ಬಿಡಿ ಮತ್ತು ಹತ್ತು. ಹತ್ತು ಕಡ್ಡಿ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದರೆ ಒಂದು ಕಟ್ಟು. ಹುಣಸೆ ಬೀಜ, ಬೆಣಚುಕಲ್ಲು, ಮಣಿಸರ, ಹಾವು-ಏಣಿಯ ಆಟ ಎಲ್ಲವೂ ಈ ಕೆಲಸಕ್ಕೆ ಬರುತ್ತವೆ. ಇಲ್ಲಿನ ತುಂಗಭದ್ರಾ ಅಣೆಕಟ್ಟೆಗೆ 33 ಕ್ರೆಸ್ಟ್ ಗೇಟುಗಳು, ಮೂರು ಕಟ್ಟು ಮೂರು ಬಿಡಿ. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಹೋದ ಸುದ್ದಿ ಹೊಸಪೇಟೆಯ ಮನೆಮನೆಯಲ್ಲೂ ಇತ್ತು. ಅದನ್ನು ಬಿಟ್ಟು ಉಳಿದವು ಎಷ್ಟು ಎಂದು ಕೇಳಿದರೆ ಈ ಊರಿನ ಮಗುವಿಗೆ ಅದು ಬರಿಯ ಕಳೆಯುವ ಲೆಕ್ಕವಲ್ಲ. ಹಂಪಿಯ ಮಕ್ಕಳಿಗೆ ನೋಟಿನ ಪಾಠ ಇನ್ನೂ ಹತ್ತಿರ. 2017ರಲ್ಲಿ ಬಂದ 50 ರೂಪಾಯಿಯ ನೋಟಿನ ಬೆನ್ನಿಗೆ ಇರುವುದು ಅವರ ಊರಿನ ಕಲ್ಲಿನ ರಥ. ನದಿಯ ಪಾಠವೂ ಇಲ್ಲಿ ಕಣ್ಣೆದುರಿಗೇ ಇದೆ. ಅಣೆಕಟ್ಟೆಯಿಂದ ನೀರು ಹೆಚ್ಚು ಬಿಟ್ಟರೆ ಹಂಪಿಯಲ್ಲಿ ಪುರಂದರ ಮಂಟಪ ಮುಳುಗುತ್ತದೆ, ಕಂಪ್ಲಿಯಲ್ಲಿ ಗಂಗಾವತಿ ಕಡೆಯ ಸೇತುವೆಯ ಮೇಲೆ ನೀರು ಬಂದು ಬಸ್ಸು ನಿಲ್ಲುತ್ತದೆ.

ಮಕ್ಕಳ ಸಂತೆಯ ದಿನ ಈ ಲೆಕ್ಕಗಳು ಅಂಗಳಕ್ಕೆ ಬರುತ್ತವೆ. ಮನೆಯಿಂದ ತಂದ ಮೆಂತ್ಯ ಸೊಪ್ಪು, ಬದನೆಕಾಯಿ, ನಿಂಬೆಹಣ್ಣು, ಬಾಳೆಹಣ್ಣು, ಜತೆಗೊಂದು ಮಿರ್ಚಿ-ಮಂಡಕ್ಕಿ ಅಂಗಡಿ. ಗಿರಾಕಿಗಳು ಅಪ್ಪ ಅಮ್ಮಂದಿರು, ಊರ ಜನ. ಚಿಲ್ಲರೆ ವಾಪಸು ಕೊಡುವಾಗ ಎಣಿಸಿ ಎಣಿಸಿ ಕೊಡುವ ಎರಡನೇ ತರಗತಿಯ ಅಂಗಡಿಕಾರರನ್ನು ನೋಡಿದವರು ಅದಕ್ಕಿಂತ ಒಳ್ಳೆಯ ಪರೀಕ್ಷೆ ಕೇಳುವುದಿಲ್ಲ.

ಹಸಿದ ಹೊಟ್ಟೆಗೆ ಇದ್ಯಾವುದೂ ಹತ್ತುವುದಿಲ್ಲ. ಬಿಸಿಯೂಟದ ‘ಅಕ್ಷರ ದಾಸೋಹ’ 2002ರಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 2013ರ ಆಗಸ್ಟಿನಿಂದ ‘ಕ್ಷೀರಭಾಗ್ಯ’ದ ಹಾಲು ಬಂತು. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನೊಂದಿಗೆ ವಾರದ ಆರೂ ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು.

ಕೊರತೆಗಳೂ ಸಣ್ಣವಲ್ಲ. ಮೂವತ್ತು ಮಕ್ಕಳು ಮೂವತ್ತು ಮೆಟ್ಟಿಲಲ್ಲಿರುವ ಕೊಠಡಿಯನ್ನು ನಡೆಸುವುದು ಪಠ್ಯಪುಸ್ತಕ ಓದಿಸಿದಷ್ಟು ಸಲೀಸಲ್ಲ. ಆ ಕೆಲಸಕ್ಕೆ ತರಬೇತಿ, ತಾಳ್ಮೆ, ದಿನದ ತಯಾರಿ ಎಲ್ಲ ಬೇಕು. ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಶಿಕ್ಷಕರ ಹುದ್ದೆ ಖಾಲಿ ಬಿದ್ದು ಅತಿಥಿ ಶಿಕ್ಷಕರು ವರ್ಷ ದೂಡುವುದು ಹಳೆಯ ಸಂಕಟ. ಅವರು ಪದ್ಧತಿಗೆ ಪಳಗುವಷ್ಟರಲ್ಲಿ ವರ್ಷವೇ ಮುಗಿದಿರುತ್ತದೆ. ಇನ್ನು ಕೇಂದ್ರ ಸರ್ಕಾರದ ‘ನಿಪುಣ್ ಭಾರತ್’ ಯೋಜನೆ (2021) ಎರಡನೇ ತರಗತಿಯ ಕೊನೆಗೆ ಮಗು ನಿಮಿಷಕ್ಕೆ 45ರಿಂದ 60 ಪದ ಓದಬೇಕು ಎನ್ನುತ್ತದೆ. ಗುರಿ ಇರಲಿ, ಆದರೆ ‘ಬರುತ್ತಿದ್ದಾರೆ’ ಎಂಬಷ್ಟು ಉದ್ದದ್ದೂ ಕನ್ನಡದಲ್ಲಿ ಒಂದೇ ಪದವೆಂದು ಎಣಿಕೆಯಾಗುತ್ತದೆ. ಗಡಿಯಾರ ಹಿಡಿದು ಎಣಿಸುವುದಕ್ಕಿಂತ, ಓದಿದ ಕಥೆಯಲ್ಲಿ ಮುದುಕಿ ಯಾಕೆ ಅತ್ತಳು ಎಂದು ಕೇಳಿದಾಗ ಮಗು ಏನು ಹೇಳುತ್ತದೆ ಎಂಬುದಕ್ಕೇ ಹೆಚ್ಚು ಬೆಲೆ ಸಿಗಬೇಕು.

ಹೆತ್ತವರ ಅಳುಕು ಬೇರೆ. ಪುಸ್ತಕದ ಹೊರೆಯಿಲ್ಲ, ಮನೆಕೆಲಸವಿಲ್ಲ, ಹಾಡು ಆಟ ಅಂತೀರಿ, ಓದು ಯಾವಾಗ ಎಂದು ಅವರು ಕೇಳುತ್ತಾರೆ. ಒಂದು, ಎರಡನೇ ತರಗತಿಗೆ ಮನೆಕೆಲಸ ಕೊಡಬಾರದು, ಚೀಲ ಎರಡು ಕಿಲೋ ಮೀರಬಾರದು ಎಂದು 2019ರಲ್ಲೇ ರಾಜ್ಯ ಸರ್ಕಾರದ ಆದೇಶವಿದೆ ಎಂದರೂ ಸಮಾಧಾನವಾಗದು. ಅವರಿಗೆ ತೋರಿಸಬೇಕಾದದ್ದು ಆದೇಶದ ಪ್ರತಿಯಲ್ಲ, ತರಗತಿ. ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮ ಇರುವುದೇ ಅದಕ್ಕೆ. ಅಂದು ಪ್ರಗತಿ ನೋಟ ಬಿಡಿಸಿಟ್ಟು, ಮಕ್ಕಳಿಂದಲೇ ಓದಿಸಿ ಬರೆಸಿ ತೋರಿಸಲಾಗುತ್ತದೆ. ಗಣಿ, ಗದ್ದೆ, ಹೋಟೆಲುಗಳಲ್ಲಿ ದುಡಿಯುವವರು ಒಂದು ದಿನದ ಕೂಲಿ ಬಿಟ್ಟು ಹಗಲಲ್ಲಿ ಬರುವುದು ಕಷ್ಟ. ಇಲ್ಲಿನ ಶಾಲೆಗಳು ಅದನ್ನು ಸಂಜೆ ಐದರ ಮೇಲೆ ಇಟ್ಟುಕೊಂಡರೆ ಬರುವವರು ಹೆಚ್ಚಾದಾರು.