ಅಪ್ಪ ಕೇಳಿದ ಇಪ್ಪತ್ತು ಅಂಕದ ಪ್ರಶ್ನೆ

‘ಲೋ ಇಂಜಿನಿಯರ್ರು, ಗಟ್ಟಿ ಶಾಕಬ್ಸರ್ ಹಾಕಿಸಿದ್ರೆ ನೂರು ಕ್ರೇಟು ತಡ್ಕೊಳ್ತದೇನೋ?’

ರಾತ್ರಿ ಮುದ್ದೆ ಮುರಿಯುತ್ತಾ ಅಪ್ಪ ಕೇಳಿದ ಪ್ರಶ್ನೆ ಇದು. ನಾನು ಬಿ.ಇ. ಮೆಕ್ಯಾನಿಕಲ್ ವಿದ್ಯಾರ್ಥಿ. ಸ್ಪ್ರಿಂಗ್, ಡ್ಯಾಂಪರ್ ಚಿತ್ರ ಬರೆದು, ಸಮೀಕರಣ ಬಿಡಿಸಿ ಇಪ್ಪತ್ತು ಅಂಕದ ಪ್ರಶ್ನೆಗೆ ಉತ್ತರ ಬರೆದು ಬಂದು ಇನ್ನೂ ತಿಂಗಳಾಗಿರಲಿಲ್ಲ. ಆದರೂ ಬಾಯಿಗೆ ಬಂದದ್ದು ‘ನೋಡಿ ಹೇಳ್ತೀನಪ್ಪ’ ಎಂಬ ಮಾತು ಮಾತ್ರ. ‘ಪುಸ್ತಕ ನೋಡಿ ಹೇಳ್ತಾನಂತೆ’ ಅಂತ ಅಮ್ಮನಿಗೂ ನಗು.

ನಮ್ಮದು ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿ. ಮನೆಯ ಟೊಮೆಟೊ ಜೊತೆಗೆ ಅಕ್ಕಪಕ್ಕದವರ ತೋಟದ್ದನ್ನೂ ಹೇರಿಕೊಂಡು ಕೋಲಾರದ ಎಪಿಎಂಸಿಗೆ ಹೊಡೆಯುವುದು ಅಪ್ಪನ ಕೆಲಸ. ಬಾಡಿಗೆ ಲೆಕ್ಕ ಕ್ರೇಟಿಗಿಷ್ಟು ಅಂತ. ಪಿಕಪ್‌ನ ಸಾಲದ ಕಂತು, ನನ್ನ ಕಾಲೇಜು ಫೀಸು ಎರಡೂ ಅದರಲ್ಲೇ ಬರಬೇಕು. ಹಾಗಾಗಿ ನೂರು ಕ್ರೇಟು ಅನ್ನುವುದು ಅಪ್ಪನ ದುರಾಸೆಯಲ್ಲ, ತಿಂಗಳ ಲೆಕ್ಕ.

ಪ್ರಶ್ನೆ ಹುಟ್ಟಿದ್ದು ಅದಕ್ಕೆ ಎರಡು ದಿನ ಮುಂಚೆ. ನಸುಕಿನ ಮೂರೂವರೆಗೆ ನಾನೂ ಜೊತೆಗೆ ಹೋಗಿದ್ದೆ. ಕೆರೆ ಏರಿಯ ತಿರುವಿನಲ್ಲಿ ಒಂದು ಗುಂಡಿ ಸಿಕ್ಕಿತು. ಗಾಡಿ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಮತ್ತೆ ಎಡಕ್ಕೆ. ಮೂರು ಸಲ ತೂಗಾಡಿ ನಿಂತಾಗ ಮೇಲಿನ ಸಾಲಿನ ಎರಡು ಕ್ರೇಟು ಏರಿಯ ಕೆಳಗೆ ಉರುಳಿದ್ದವು. ಅಪ್ಪ ಏನೂ ಮಾತಾಡಲಿಲ್ಲ. ಸ್ಟೀರಿಂಗ್ ಹಿಡಿದ ಕೈ ಮಾತ್ರ ನಡುಗುತ್ತಿತ್ತು.

ಭಾನುವಾರ ಗಾಡಿಯ ಕೆಳಗೆ ನುಸುಳಿದೆ. ಹಿಂದಿನ ಎಡಗಡೆ ಶಾಕ್ ಅಬ್ಸಾರ್ಬರ್ ಮೈಯೆಲ್ಲ ಆಯಿಲ್ಲು, ಅದರ ಮೇಲೆ ಧೂಳಿನ ಪದರ. ಬಲಗಡೆಯದರ ರಬ್ಬರ್ ಬುಷ್ ಸವೆದು ಕಣ್ಣಿನೊಳಗೆ ಬೋಲ್ಟು ಅಲ್ಲಾಡುತ್ತಿತ್ತು. ಹಿಂದಿನ ಟೈರುಗಳ ಮೇಲೆ ಕೈಯಾಡಿಸಿದರೆ ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆತ. ಮೂರೂ ಒಂದೇ ಕಾಯಿಲೆಯ ಗುರುತು.

ಅಂಗಡಿಗೆ ಹೋದರೆ ಮೂರು ಬಗೆ ತೋರಿಸಿದರು. ಹೆಸರಿಲ್ಲದ ಅಗ್ಗದ್ದೊಂದು, ಗಾಡಿಯ ಜೊತೆ ಬರುವಂಥ ಆಯಿಲ್‌ನದ್ದೊಂದು, ನೈಟ್ರೋಜನ್ ಗ್ಯಾಸ್ ತುಂಬಿದ ಬಿಗಿಯಾದ ಇನ್ನೊಂದು. ‘ಇದು ಹಾಕ್ಸಿ, ಅರ್ಧ ಟನ್ ಜಾಸ್ತಿ ಎತ್ತತ್ತೆ’ ಎಂದರು ಅಂಗಡಿಯವರು. ಅಪ್ಪನ ಕಣ್ಣು ಅರಳಿತು. ನನಗೆ ಅನುಮಾನ ಇತ್ತು, ಹೇಳುವ ಧೈರ್ಯ ಇರಲಿಲ್ಲ.

ಉತ್ತರ ಕೊಟ್ಟವರು ನಮ್ಮ ಮೆಕ್ಯಾನಿಕ್ ಅಣ್ಣ. ಓದಿದ್ದು ಏಳನೇ ಕ್ಲಾಸು. ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಬಿಚ್ಚಿ ನೆಲಕ್ಕಿಟ್ಟು, ‘ನೋಡಣ್ಣ, ಗಾಡಿ ಇಳೀತಾ?’ ಅಂದರು. ಗಾಡಿ ಒಂದಿಂಚೂ ಇಳಿದಿರಲಿಲ್ಲ. ‘ಭಾರ ಹೊರೋದು ಪ್ಲೇಟು. ಇದು ಕುಣಿಯೋದನ್ನ ನಿಲ್ಲಿಸ್ತದೆ, ಅಷ್ಟೇ.’

ನನ್ನ ಇಪ್ಪತ್ತು ಅಂಕದ ಉತ್ತರ ಅಷ್ಟರಲ್ಲೇ ಮುಗಿದಿತ್ತು. ಹಿಂದಿನ ಲೀಫ್ ಸ್ಪ್ರಿಂಗ್ ಪ್ಲೇಟುಗಳು ಭಾರವನ್ನು ಹೊರುತ್ತವೆ. ಗುಂಡಿಗೆ ಬಿದ್ದಾಗ ಅವು ಬಾಗಿ ಶಕ್ತಿ ತುಂಬಿಕೊಂಡು ವಾಪಸ್ ಒದೆಯುತ್ತವೆ. ಶಾಕ್ ಅಬ್ಸಾರ್ಬರ್ ಒಳಗಿನ ಪಿಸ್ಟನ್ ಸಣ್ಣ ತೂತುಗಳ ಮೂಲಕ ಆಯಿಲನ್ನು ನೂಕಿ ಆ ಶಕ್ತಿಯನ್ನು ಬಿಸಿಯಾಗಿ ಬದಲಿಸುತ್ತದೆ. ಅದಕ್ಕೇ ಕೆಟ್ಟ ರಸ್ತೆಯಲ್ಲಿ ಓಡಿ ಬಂದ ಗಾಡಿಯಲ್ಲಿ ಎಲ್ಲವೂ ಬೆಚ್ಚಗಿದ್ದು ಒಂದು ಮಾತ್ರ ತಣ್ಣಗಿದ್ದರೆ, ಅದು ಕೆಲಸ ಬಿಟ್ಟಿದೆ ಎಂದರ್ಥ.

ಹಾಗಾದರೆ ಯಾವುದನ್ನು ಆರಿಸಬೇಕು? ಅಂದು ರಾತ್ರಿ ನೋಟ್‌ಬುಕ್ ತೆರೆದೆ. ಖಾಲಿ ಇದ್ದಾಗ ಹಿಂದಿನ ಚಕ್ರಗಳ ಮೇಲೆ ಸುಮಾರು 600 ಕಿಲೋ, ಲೋಡ್ ಆದಾಗ 1,800 ಕಿಲೋ ಎಂದುಕೊಳ್ಳಿ. ಸ್ಪ್ರಿಂಗ್ ಅದೇ, ಶಾಕ್ ಅಬ್ಸಾರ್ಬರ್ ಅದೇ. ತೂಕ ಮೂರು ಪಟ್ಟಾದರೆ ಡ್ಯಾಂಪಿಂಗ್ ಅನುಪಾತ ಮೂರರ ವರ್ಗಮೂಲದಷ್ಟು, ಅಂದರೆ 1.73 ಪಟ್ಟು ತಗ್ಗುತ್ತದೆ. ಖಾಲಿ ಗಾಡಿಯಲ್ಲಿ 0.4 ಇದ್ದದ್ದು ಲೋಡಿನಲ್ಲಿ 0.23. ಖಾಲಿಯಲ್ಲಿ ಹಿತವಾಗಿರುವುದು ಲೋಡಿನಲ್ಲಿ ತೂಗಾಡುತ್ತದೆ. ಲೋಡಿಗೆ ಹೊಂದುವುದು ಖಾಲಿಯಲ್ಲಿ ಕುಲುಕುತ್ತದೆ.

ಹೊರದೇಶಗಳಲ್ಲಿ ಪಿಕಪ್ ಮೇಲೆ ಪುಟ್ಟ ಮನೆಯನ್ನೇ ಕೂರಿಸಿಕೊಂಡು ಊರೂರು ಸುತ್ತುವವರಿದ್ದಾರೆ. ಅದನ್ನು ಕ್ಯಾಂಪರ್ ಅನ್ನುತ್ತಾರೆ. ಹೊರಟಾಗಲೂ ಬರುವಾಗಲೂ ಅದೇ ಭಾರ, ಹಾಗಾಗಿ ಬಿಗಿಯಾದದ್ದನ್ನು ಹಾಕಿದರೆ ಮುಗಿಯಿತು. ನಮ್ಮದು ಹೋಗುವಾಗ ತುಂಬು, ಬರುವಾಗ ಖಾಲಿ ಕ್ರೇಟು. ಆದರೆ ಕ್ಯಾಂಪರಿನಂತೆ ನಮ್ಮ ಭಾರವೂ ಎತ್ತರದಲ್ಲಿದೆ, ತಿರುವಿನಲ್ಲಿ ಅಪಾಯ ಇರುವುದು ಹೋಗುವಾಗಲೇ. ಬರುವಾಗ ಸೊಂಟ ಸ್ವಲ್ಪ ನೊಂದರೂ ಪರವಾಗಿಲ್ಲ ಎಂದು ಗ್ಯಾಸ್ ತುಂಬಿದ ಬಿಗಿಯಾದದ್ದನ್ನೇ ಆರಿಸಿದೆವು. ಆಯಿಲ್ ಕಾದಾಗ ನೊರೆಯೆದ್ದು ಹಿಡಿತ ತಪ್ಪುವುದನ್ನು ಆ ಗ್ಯಾಸ್ ತಡೆಯುತ್ತದೆ. ಆರಿಸಿದ್ದು ಇದಕ್ಕಾಗಿ, ಅರ್ಧ ಟನ್ ಹೆಚ್ಚು ಎತ್ತುವುದಕ್ಕಲ್ಲ.

ಮೆಕ್ಯಾನಿಕ್ ಅಣ್ಣ ಇನ್ನೂ ಎರಡು ವಿಷಯ ಕಲಿಸಿದರು. ಒಂದು ಕೆಟ್ಟಿದ್ದರೂ ಜೋಡಿಯನ್ನೇ ಬದಲಿಸಬೇಕು, ಇಲ್ಲದಿದ್ದರೆ ಎಡಬಲ ಹಿಡಿತ ಬೇರೆಯಾಗುತ್ತದೆ. ಎರಡನೆಯದು ಉದ್ದ. ಪೂರ್ತಿ ಎಳೆದಾಗ, ಪೂರ್ತಿ ಅದುಮಿದಾಗ ಎರಡೂ ಅಳತೆ ಹಳೆಯದಕ್ಕೆ ಸರಿಹೊಂದಬೇಕು. ಗಿಡ್ಡವಾದರೆ ಚಕ್ರ ಗುಂಡಿಗಿಳಿದಾಗ ಎಳೆದು ಕಣ್ಣು ಕಿತ್ತುಬರುತ್ತದೆ. ಉದ್ದವಾದರೆ ಲೋಡಿನಲ್ಲಿ ಪಿಸ್ಟನ್ ತಳಕ್ಕೆ ಬಡಿಯುತ್ತದೆ. ಅಗ್ಗದ್ದನ್ನು ಅಳೆದು ನೋಡಿದಾಗ ಅದು ಗಿಡ್ಡವಿತ್ತು!

ಅಪ್ಪ ಸುಮ್ಮನಾಗಲಿಲ್ಲ. ‘ಹಂಗಾದ್ರೆ ಒಂದು ಪ್ಲೇಟು ಜಾಸ್ತಿ ಹಾಕ್ಸೋಣ.’ ಪ್ಲೇಟು ಸೇರಿಸಬಹುದು ಅಪ್ಪ, ಆದರೆ ಬ್ರೇಕು, ಟೈರು, ಆಕ್ಸೆಲ್ಲು ಹಳೆಯವೇ ತಾನೆ ಎಂದೆ. ಆರ್‌ಸಿ ತೆಗೆಸಿದೆ. ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆದರೆ ಉಳಿದದ್ದು 1,300 ಕಿಲೋ. ನಾವಿಬ್ಬರು 140 ಕಿಲೋ. ಕ್ರೇಟಿಗೆ 15 ಕಿಲೋ ಹಣ್ಣು, 2 ಕಿಲೋ ಪ್ಲಾಸ್ಟಿಕ್ಕು. ಭಾಗಿಸಿದರೆ 68 ಕ್ರೇಟು. ನೂರು ಹೇರಿದರೆ ಅರ್ಧ ಟನ್ನಿಗೂ ಹೆಚ್ಚು ಓವರ್‌ಲೋಡು. ಹಿಡಿದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಟನ್ನಿಗೆ 2,000.

ಅಪ್ಪ ಬಹಳ ಹೊತ್ತು ಆ ಹಾಳೆ ನೋಡಿದರು. ‘ಮೂವತ್ತೆರಡು ಕ್ರೇಟಿನ ಬಾಡಿಗೆ ನೀನು ಕೊಡ್ತೀಯಾ?’ ಎಂದು ಕೇಳಿದರು. ಕೋಪ ಇರಲಿಲ್ಲ, ನಿಜವಾಗಿಯೇ ಕೇಳಿದ್ದು. ಅದಕ್ಕೆ ನನ್ನ ನೋಟ್‌ಬುಕ್ಕಿನಲ್ಲಿ ಉತ್ತರ ಇರಲಿಲ್ಲ. ಏರಿಯ ತಿರುವು ನೆನಪಾಯಿತು ಎಂದಷ್ಟೇ ಹೇಳಿದೆ.

ಈಗ ಹೊಸ ಜೋಡಿ ಕೂತು ಎರಡು ತಿಂಗಳಾಯಿತು. ಅದೇ ತಿರುವಿನಲ್ಲಿ ಗಾಡಿ ಒಮ್ಮೆ ವಾಲಿ ನೆಟ್ಟಗೆ ನಿಲ್ಲುತ್ತದೆ. ಹೆಚ್ಚಿನ ದಿನ 68ಕ್ಕೇ ಹಗ್ಗ ಕಟ್ಟುತ್ತಾರೆ. ಮಿಕ್ಕದ್ದು ಪಕ್ಕದ ಮನೆಯವರ ಗಾಡಿಗೆ. ಅವರಿಗೆ ಹೆಚ್ಚಾದದ್ದು ನಮಗೆ. ಬಾಡಿಗೆಯಲ್ಲಿ ಕಡಿಮೆಯಾದದ್ದು ಪೂರ್ತಿ ತುಂಬಿಲ್ಲ. ಅದಕ್ಕೆ ರಜೆಯಲ್ಲಿ ಕೂಲಿಯವರ ಬದಲು ನಾನೇ ಲೋಡ್ ಮಾಡುತ್ತೇನೆ.

ಗೆಳೆಯರೇ, ಕ್ಯಾಂಪಸ್ ಸಂದರ್ಶನಕ್ಕೆ ನಾವೆಲ್ಲ ಸೂತ್ರ ಉರು ಹೊಡೆಯುತ್ತಿದ್ದೇವೆ. ಒಮ್ಮೆ ಮನೆಯ ಗಾಡಿ, ಪಂಪ್‌ಸೆಟ್ಟು, ಹಿಟ್ಟಿನ ಗಿರಣಿಯ ಕೆಳಗೂ ನುಸುಳಿ ನೋಡಿ. ನಾವು ಓದಿದ್ದು ಅಲ್ಲೇ ಗ್ರೀಸ್ ಮೆತ್ತಿಕೊಂಡು ಕೂತಿರುತ್ತದೆ.

ಮೊನ್ನೆ ಅಪ್ಪ ಮತ್ತೆ ಕೇಳಿದರು: ‘ಲೋ, ಕ್ಲಚ್ಚು ಯಾಕೋ ಜಾರ್ತದೆ.’ ಈ ಸಲ ‘ನೋಡಿ ಹೇಳ್ತೀನಿ’ ಅನ್ನಲಿಲ್ಲ. ಚಾಪೆ ತಗೊಂಡು ನೇರ ಗಾಡಿಯ ಕೆಳಗೆ ಹೋದೆ.