ಬಿಸಿಲು ತಾಕಿದರೆ ಡ್ರಾಕುಲಾ ಸಾಯುತ್ತಾನಾ? ‘ಪ್ರಾಚೀನ ನಂಬಿಕೆ’ಗಳ ಅಸಲಿ ವಯಸ್ಸು ಇಲ್ಲಿದೆ

ರಕ್ತಪಿಶಾಚಿ ಬಿಸಿಲಿಗೆ ಬಂದರೆ ನಾಶವಾಗುತ್ತದೆ. ಫ್ರಾಂಕೆನ್‌ಸ್ಟೈನ್ ಎಂಬ ರಾಕ್ಷಸನ ಕುತ್ತಿಗೆಯಲ್ಲಿ ಬೋಲ್ಟ್ ಇರುತ್ತದೆ. ತೋಳಮಾನವನ ಬಗ್ಗೆ ಯುರೋಪಿನಲ್ಲಿ ಶತಮಾನಗಳ ಹಳೆಯ ಪದ್ಯವಿದೆ. ಇಂಥ ಮಾತುಗಳನ್ನು ನೀವೂ ಕೇಳಿರಬಹುದು. ಹಳೆಯ ಕಪ್ಪು-ಬಿಳುಪು ಹಾರರ್ ಸಿನಿಮಾಗಳೆಂದರೆ ನಮಗೆ ಬಲು ಇಷ್ಟ. ಆ ಸಿನಿಮಾಗಳನ್ನೇ ಸಾಕ್ಷಿಯಾಗಿಟ್ಟುಕೊಂಡು ಸತ್ಯಾಂಶ ನೋಡೋಣ.

ಬಿಸಿಲಿಗೆ ಸಾಯುವ ರಕ್ತಪಿಶಾಚಿ

1897ರಲ್ಲಿ ಬಂದ ಬ್ರಾಮ್ ಸ್ಟೋಕರ್ ಕಾದಂಬರಿಯಲ್ಲಿ ಡ್ರಾಕುಲಾ ಹಗಲಲ್ಲೇ ಲಂಡನ್ನಿನಲ್ಲಿ ಓಡಾಡುತ್ತಾನೆ. ಆಗ ಅವನ ಶಕ್ತಿ ಕುಗ್ಗುತ್ತದೆ, ಅಷ್ಟೇ. ಬೆಳಗಿನ ಬಿಸಿಲಿಗೆ ಪಿಶಾಚಿ ಕರಗಿಹೋಗುವ ದೃಶ್ಯ ಬಂದಿದ್ದು 1922ರ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’ವಿನಲ್ಲಿ. ಅನುಮತಿ ಇಲ್ಲದೆ ಕಥೆ ಬಳಸಿದ್ದಕ್ಕೆ ಸ್ಟೋಕರ್ ಪತ್ನಿ ಕೋರ್ಟಿಗೆ ಹೋದರು. ಎಲ್ಲ ಪ್ರತಿಗಳನ್ನೂ ನಾಶ ಮಾಡಲು 1925ರಲ್ಲಿ ಆದೇಶವಾಯಿತು. ಆದರೂ ಕೆಲವು ಪ್ರತಿಗಳು ಉಳಿದವು, ಅವುಗಳ ಜೊತೆ ಈ ಕಲ್ಪನೆಯೂ ಉಳಿಯಿತು.

ಫ್ರಾಂಕೆನ್‌ಸ್ಟೈನ್ ರಾಕ್ಷಸನಲ್ಲ

ಅದು ವಿಜ್ಞಾನಿಯ ಹೆಸರು. ಮೇರಿ ಶೆಲ್ಲಿಯ 1818ರ ಕಾದಂಬರಿಯಲ್ಲಿ ಅವನು ಸೃಷ್ಟಿಸಿದ ಜೀವಿಗೆ ಹೆಸರೇ ಇಲ್ಲ. ಅದು ಪುಸ್ತಕ ಓದುತ್ತದೆ, ನಿರರ್ಗಳವಾಗಿ ಮಾತಾಡುತ್ತದೆ. ಚಪ್ಪಟೆ ತಲೆಯ ರೂಪ 1931ರ ಸಿನಿಮಾಗಾಗಿ ಮೇಕಪ್ ಕಲಾವಿದ ಜಾಕ್ ಪಿಯರ್ಸ್ ಮಾಡಿದ್ದು. ಕುತ್ತಿಗೆಯಲ್ಲಿರುವುದು ಬೋಲ್ಟ್ ಅಲ್ಲ, ವಿದ್ಯುತ್ ಹಾಯಿಸುವ ಎಲೆಕ್ಟ್ರೋಡ್.

ಈ ಚಿತ್ರದಲ್ಲಿ ಪುಟ್ಟ ಹುಡುಗಿಯೊಬ್ಬಳು ಆ ಜೀವಿಯ ಜೊತೆ ಕೆರೆಯಲ್ಲಿ ಹೂ ತೇಲಿಬಿಟ್ಟು ಆಡುತ್ತಾಳೆ. ಹೂ ಮುಗಿದಾಗ, ಅವಳೂ ತೇಲುತ್ತಾಳೆಂದು ನಂಬಿ ಅದು ಅವಳನ್ನೇ ನೀರಿಗೆ ಎಸೆಯುತ್ತದೆ. ಈ ಭಾಗಕ್ಕೆ ಕತ್ತರಿ ಬಿತ್ತು. ಅದು ಅವಳತ್ತ ಕೈ ಚಾಚುವಲ್ಲಿಗೇ ದೃಶ್ಯ ನಿಂತಿದ್ದರಿಂದ, ನೋಡಿದವರು ಇನ್ನೂ ಕೆಟ್ಟದ್ದನ್ನು ಊಹಿಸಿಕೊಳ್ಳುವಂತಾಯಿತು. ಏನೂ ಅರಿಯದೆ ಆದ ಅನಾಹುತ ಕ್ರೌರ್ಯದಂತೆ ಕಂಡಿತು. ಅರ್ಧ ಕತ್ತರಿಸಿದ ವಿಡಿಯೊ ಇಂದು ಮಾಡುವುದೂ ಇದನ್ನೇ.

ತೋಳಮಾನವನ ‘ಹಳೆಯ ಪದ್ಯ’

1941ರ ‘ದಿ ವುಲ್ಫ್ ಮ್ಯಾನ್’ ಚಿತ್ರದ ಪದ್ಯ ಜನಪದದ್ದಲ್ಲ. ಅದನ್ನು ಬರೆದವರು ಚಿತ್ರಕಥೆಗಾರ ಕರ್ಟ್ ಸಿಯೋಡ್ಮಾಕ್. ನಾಜಿ ಜರ್ಮನಿ ತೊರೆದು ಬಂದ ಯಹೂದಿ ಅವರು. ಚಿತ್ರದಲ್ಲಿ ಮುಂದೆ ಬಲಿಯಾಗುವವರ ಅಂಗೈಯಲ್ಲಿ ನಕ್ಷತ್ರದ ಗುರುತು ಕಾಣುತ್ತದೆ. ಇದರಲ್ಲಿ ಯಹೂದಿಗಳನ್ನು ಬೇಟೆಯಾಡಿದ ಕಾಲದ ನೆರಳನ್ನು ಹಲವು ವಿಮರ್ಶಕರು ಕಂಡಿದ್ದಾರೆ.

ಹೆದರಿಕೆ ಖುಷಿ ಕೊಡುವುದೇಕೆ?

ಪರದೆಯ ಮೇಲೆ ನೆರಳು ಸರಿದಾಗ ಮೆದುಳಿನ ಅಮಿಗ್ಡಾಲ ಎಂಬ ಭಾಗ ಎಚ್ಚರಿಕೆ ಕೊಡುತ್ತದೆ. ಅಡ್ರಿನಲಿನ್ ಹೆಚ್ಚಿ ಎದೆ ಬಡಿತ ಏರುತ್ತದೆ. ಜೊತೆಗೇ ‘ಇದು ಸಿನಿಮಾ, ಅಪಾಯವಿಲ್ಲ’ ಎಂಬ ಅರಿವೂ ಇರುತ್ತದೆ. ಹಾಗಾಗಿ ಆ ಉದ್ವೇಗ ಇಳಿಯುವಾಗ ಹಿತವೆನಿಸುತ್ತದೆ. ಆದರೆ ಚಿಕ್ಕ ಮಕ್ಕಳಿಗೆ ನಿಜ, ಕಲ್ಪನೆಯ ಗೆರೆ ಸ್ಪಷ್ಟವಿರುವುದಿಲ್ಲ. ಅವರಿಗೆ ತೋರಿಸದಿರುವುದೇ ಒಳ್ಳೆಯದು. ಹೃದಯದ ತೊಂದರೆ ಅಥವಾ ಆತಂಕದ ಸಮಸ್ಯೆ ಇರುವವರೂ ಜಾಗ್ರತೆ ವಹಿಸಬೇಕು.

ಒಟ್ಟಿನಲ್ಲಿ, ನೂರು ವರ್ಷದ ಹಿಂದಿನ ಸಿನಿಮಾ ಕಲ್ಪನೆಯೇ ಇಂದು ಪುರಾತನ ನಂಬಿಕೆಯಂತೆ ಓಡಾಡುತ್ತಿದೆ. ಸಿನಿಮಾವನ್ನು ಮನಸಾರೆ ನೋಡಿ, ಹೆದರಿ, ಆನಂದಿಸಿ. ‘ಪ್ರಾಚೀನ ಸತ್ಯ’ ಎಂಬ ಮೆಸೇಜ್ ಬಂದರೆ ಮಾತ್ರ ಫಾರ್ವರ್ಡ್ ಮಾಡುವ ಮುನ್ನ ಕೇಳಿ: ಇದನ್ನು ಮೊದಲು ಹೇಳಿದವರು ಯಾರು, ಯಾವಾಗ?