ಅಪ್ಪನ ಕೈಲಿ ಇನ್ನೂ ಸ್ಕೂಟರ್ ಇರಬಹುದೇ?

ನಾಲ್ಕು ಬೀದಿ ಆಚೆಯ ಬ್ಯಾಂಕಿಗೆಂದು ಹೊರಟ ಯಜಮಾನರು ಮಧ್ಯಾಹ್ನವಾದರೂ ಮನೆಗೆ ಬಂದಿಲ್ಲ. ರಿಂಗ್ ರಸ್ತೆಯ ಬದಿಯಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ನಿಂತಿದ್ದವರನ್ನು ಪರಿಚಿತರೊಬ್ಬರು ಕಂಡು ಕರೆತರುತ್ತಾರೆ. ‘ದಾರಿ ತಪ್ಪಿತು, ಅಷ್ಟೆ’ ಎಂದು ಅವರು ನಗುತ್ತಾರೆ. ನಲವತ್ತು ವರ್ಷ ಗಾಡಿ ಓಡಿಸಿದವರು, ಈಗಲೂ ಗೇರು ಬ್ರೇಕು ತಪ್ಪುವುದಿಲ್ಲ, ವಯಸ್ಸಾದ ಮೇಲೆ ಮರೆವು ಸಹಜ ಎಂದು ಮನೆಯವರೂ ಸುಮ್ಮನಾಗುತ್ತಾರೆ.

ಸುಮ್ಮನಾಗಬಾರದು. ಡಿಮೆನ್ಷಿಯಾ ಎಂಬ ಮರೆಗುಳಿತನದ ಕಾಯಿಲೆಯಲ್ಲಿ ಕೈಕಾಲಿಗೆ ರೂಢಿಯಾದ ಕೆಲಸ ಬಹುಕಾಲ ಉಳಿದಿರುತ್ತದೆ. ಅದಕ್ಕೆ ಮುಂಚೆಯೇ ದಾರಿಯ ಗುರುತು, ಹಲವು ಕಡೆ ಗಮನವಿಡುವ ಶಕ್ತಿ, ಥಟ್ಟನೆ ನಿರ್ಧರಿಸುವ ಶಕ್ತಿ ಕುಂದುತ್ತವೆ. ಖಾಲಿ ರಸ್ತೆಯಲ್ಲಿ ಈ ಕೊರತೆ ಕಾಣುವುದಿಲ್ಲ. ಎಡದಿಂದ ಆಟೋ ನುಗ್ಗಿ, ಹಿಂದಿನಿಂದ ಬಸ್ಸು ಹಾರ್ನ್ ಹೊಡೆದಾಗ ಕಾಣುತ್ತದೆ. ತನಗೆ ಶಕ್ತಿ ಕುಂದಿದೆಯೆಂಬ ಅರಿವೇ ಎಷ್ಟೋ ರೋಗಿಗಳಿಗೆ ಇರುವುದಿಲ್ಲ. ‘ನಾನು ಚೆನ್ನಾಗಿಯೇ ಓಡಿಸುತ್ತೇನೆ’ ಎಂದು ಅವರು ಹೇಳುವುದು ಸುಳ್ಳಲ್ಲ, ಹಾಗೆಂದು ಅದನ್ನೇ ನಂಬಿ ಕೂರುವಂತೆಯೂ ಇಲ್ಲ.

ಇದು ಅಪರೂಪದ ಕಾಯಿಲೆಯೇನಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. 55 ದಾಟಿದ ಮೇಲೆ ನವೀಕರಿಸಿದ ಲೈಸೆನ್ಸ್ ಐದು ವರ್ಷ ಮಾತ್ರ ಊರ್ಜಿತ, ನವೀಕರಣಕ್ಕೆ ವೈದ್ಯರ ಪ್ರಮಾಣಪತ್ರವೂ ಬೇಕು, ನಿಜ. ಆದರೆ ಐದು ವರ್ಷದಲ್ಲಿ ಈ ಕಾಯಿಲೆ ಎಲ್ಲಿಂದ ಎಲ್ಲಿಗೋ ಮುಟ್ಟಿರುತ್ತದೆ. ಆದ್ದರಿಂದ ಕಣ್ಣಿಡಬೇಕಾದವರು ಮನೆಯವರೇ.

ಒಂದು ದಿನ ಹಿಂದಿನ ಸೀಟಿನಲ್ಲಿ ಕುಳಿತು ನೋಡಿ. ಸಿಗ್ನಲ್ ಗಮನಿಸುತ್ತಾರೆಯೇ? ಪರಿಚಿತ ತಿರುವಿನಲ್ಲಿ ತಡವರಿಸುತ್ತಾರೆಯೇ? ಗಾಡಿಗೆ ಹೊಸ ಗೀರುಗಳು ಬಿದ್ದಿವೆಯೇ? ಮೊಮ್ಮಗನನ್ನು ಅವರ ಜೊತೆ ಶಾಲೆಗೆ ಕಳಿಸಲು ನಿಮಗೆ ಅಳುಕೆನಿಸಿದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಬಿ-12 ಕೊರತೆ, ಥೈರಾಯ್ಡ್, ಖಿನ್ನತೆ, ನಿದ್ರೆಮಾತ್ರೆಗಳಿಂದಲೂ ಮರೆವು ಬರಬಹುದು, ಇವಕ್ಕೆ ಪರಿಹಾರವಿದೆ. ಡಿಮೆನ್ಷಿಯಾ ಎಂದು ಖಚಿತವಾದರೂ ಆರಂಭದ ಹಂತದಲ್ಲಿ ಎಲ್ಲರೂ ಅಂದೇ ಗಾಡಿ ಬಿಡಬೇಕಾಗಿಲ್ಲ, ಆದರೆ ಆರು ತಿಂಗಳಿಗೊಮ್ಮೆ ತಪಾಸಣೆ ಆಗಲೇಬೇಕು. ಕಾಯಿಲೆ ಮಧ್ಯದ ಹಂತ ಮುಟ್ಟಿದರೆ ವಾಹನ ಚಾಲನೆ ಪೂರ್ತಿ ನಿಲ್ಲಬೇಕು.

ಕಷ್ಟದ ಮಾತೆಂದರೆ ಕೀಲಿ ತೆಗೆದುಕೊಳ್ಳುವುದು. ಬಚ್ಚಿಟ್ಟರೆ ‘ಕದ್ದಿರಿ’ ಎಂಬ ಜಗಳ. ಮಗ ಹೇಳಿದರೆ ಕೇಳದ ಅಪ್ಪ ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟರೆ ಎಷ್ಟೋ ಸಲ ಕೇಳುತ್ತಾರೆ. ಆಮೇಲೂ ಸ್ಕೂಟರ್ ಅಂಗಳದಲ್ಲೇ ನಿಂತಿದ್ದರೆ ದಿನವೂ ನೆನಪಾಗುತ್ತದೆ; ಬೇರೆಡೆಗೆ ಸಾಗಿಸುವುದು ಮೇಲು. ಅವರು ಹಾಲು, ಪೇಪರಿಗೆಂದು ಗಾಡಿಯಲ್ಲಿ ಹೋಗುತ್ತಿದ್ದ ಹೊತ್ತಿಗೆ ಸರಿಯಾಗಿ ಮನೆಯವರೊಬ್ಬರು ಚಪ್ಪಲಿ ಮೆಟ್ಟಿಕೊಂಡು ‘ನಡೀರಿ, ನಾನೂ ಬರ್ತೀನಿ’ ಎಂದು ಜೊತೆಗೆ ಹೊರಡಲಿ.